ಆಪಾನ ನಾಲ್ಕನೆಯ ನುಡಿ

ಆಪಾ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹನ್ನೆರಡು ದಿನ ತಡವಾಗಿ. ಮೊಬೈಲಿಗೆ ಹೊಸ ಗಾಜು ಹಾಕಿಸಲು ನನ್ನ ಅಂಗಡಿಗೆ ಬಂದಿದ್ದ, ಅವರ ಆಸ್ಪತ್ರೆಯ ನರ್ಸಮ್ಮ ಹೇಳಿದರು. ಗಾಜಿನ ಕೆಳಗೆ ಗಾಳಿಗುಳ್ಳೆ ಉಳಿಯದಂತೆ ನಾನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತಳ್ಳುತ್ತಿದ್ದೆ. "ನಿಮ್ಮ ಆಪಾ ಹೋದ್ರಲ್ರಿ. ಯಾರೂ ಹೇಳಿಲ್ಲೇನು ನಿಮಗ?" ಎಂದರು. ನಾನು ಒತ್ತುವುದನ್ನು ನಿಲ್ಲಿಸಲಿಲ್ಲ. ಆದರೂ ಎರಡು ಗುಳ್ಳೆ ಉಳಿದುಬಿಟ್ಟವು. ನರ್ಸಮ್ಮ ಅದನ್ನು ನೋಡಿಯೂ ಫೋನು ತೆಗೆದುಕೊಂಡು ಹೋದರು. ಆ ದಿನ ಅಂಗಡಿ ಬೇಗ ಮುಚ್ಚಿದೆ. ಮನೆಯಲ್ಲಿ ಕೇಳಿದರೆ ತಲೆನೋವು ಎಂದೆ.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಾಗಿರಲಿಲ್ಲ. ಯಾದಗಿರಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದರು. ಡಾಕ್ಟರಿಂದ ಹಿಡಿದು ಗೇಟಿನ ಹೊರಗೆ ಚಹಾ ಮಾರುವವನ ತನಕ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಹುಟ್ಟಿದ್ದು ಸುರಪುರದಲ್ಲಿ, ಕೊಟ್ಟದ್ದು ಶಹಾಪುರಕ್ಕೆ, ದುಡಿದದ್ದು ಯಾದಗಿರಿಯಲ್ಲಿ. ಮನೆಮಾತು ದಖನಿ ಉರ್ದು, ಹಾಡು ಕಟ್ಟುತ್ತಿದ್ದದ್ದು ಕನ್ನಡದಲ್ಲಿ. ಶಹಾಪುರದ ಬಸ್ಸು ಭೀಮಾ ನದಿಯ ಸೇತುವೆಗೆ ಬರುವಷ್ಟರಲ್ಲಿ ಹಾಡಿನ ಒಂದು ನುಡಿ, ಅಂದರೆ ನಾಲ್ಕು ಸಾಲು, ಆಗುತ್ತಿತ್ತಂತೆ. ಸಂಜೆ ವಾಪಸು ಹೋಗುವಾಗ ಇನ್ನೊಂದು. ಕಿಟಕಿ ಪಕ್ಕದ ಸೀಟು ಸಿಗದ ದಿನ ಹಾಡು ಮುಂದೆ ಹೋಗುತ್ತಿರಲಿಲ್ಲ. ಅವರ ನಿಜವಾದ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಕಾರಣವಿದೆ.

ನನ್ನ ಮೊಬೈಲ್ ಅಂಗಡಿಯ ಹಿಂದೆ ಒಂದು ಸಣ್ಣ ಕೋಣೆ. ಈಗ ಅದರಲ್ಲಿ ಕೆಟ್ಟ ಚಾರ್ಜರುಗಳ ರಾಶಿ ಬಿದ್ದಿದೆ. ಆಗ ಅದು ರೆಕಾರ್ಡಿಂಗ್ ಕೋಣೆ ಎಂದು ಹೊರಗೆ ಬೋರ್ಡು ಇತ್ತು. ಗೋಡೆಗೆ ಹಳೆಯ ಕೌದಿಗಳನ್ನು ಹೊಡೆದಿದ್ದೆ, ಬಾಗಿಲ ಸಂದಿಗೆ ಗೋಣಿತಾಟು ತುರುಕಿದ್ದೆ. ಒಂದು ಮೈಕು, ಒಂದು ಕಂಪ್ಯೂಟರು. ಫ್ಯಾನು ಹಾಕಿದರೆ ಅದರ ಸದ್ದೂ ಹಾಡಿನಲ್ಲಿ ಸೇರುತ್ತಿತ್ತಾದ್ದರಿಂದ ನಮ್ಮೂರಿನ ಬಿಸಿಲಿನಲ್ಲಿ ಹಾಡುವವರೂ ನಾನೂ ಒಟ್ಟಿಗೆ ಬೇಯುತ್ತಿದ್ದೆವು. ಭಜನಾ ಮಂಡಳಿಯವರು, ಚುನಾವಣೆಯ ಜೀಪಿನಲ್ಲಿ ಕೂಗಬೇಕಾದ ಮಾತು ಹೇಳಿಸುವವರು, ಮದುವೆಗೆ ಮದುಮಗಳ ಹೆಸರು ಸೇರಿಸಿ ಹಾಡು ಮಾಡಿಸುವವರು ಬರುತ್ತಿದ್ದರು. ಕಲಬುರಗಿಯಲ್ಲಿ ಒಬ್ಬ ಉಸ್ತಾದರ ಕೈಕೆಳಗೆ ಎರಡು ವರ್ಷ ರೆಕಾರ್ಡಿಂಗ್ ಕಲಿತು ಬಂದಿದ್ದೆನಾದ್ದರಿಂದ ನನಗೆ ಕೊಂಚ ಗರ್ವವೂ ಇತ್ತು. ಕೊಂಚ ಎಂದು ಈಗ ಹೇಳುತ್ತಿದ್ದೇನೆ.

ಆಪಾ ಬಂದದ್ದು ಒಂದು ಬೆಳಿಗ್ಗೆ, ರಾತ್ರಿ ಡ್ಯೂಟಿ ಮುಗಿಸಿಕೊಂಡು. ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ಬಂದರು.

"ತಮ್ಮಾ, ಇಲ್ಲಿ ಹಾಡು ಹಿಡಿತಾರಂತಲ್ಲ?"

"ಹೌದ್ರಿ. ಯಾವ ಹಾಡು?"

"ನಂದು."

"ಯಾರು ಬರದಾರ್ರಿ?"

"ಬರದಿಲ್ಲ, ಕಟ್ಟೀನಿ. ಬರೆದಿಟ್ರ ಮರೀತೀನಿ ನಾನು."

ವಾರ್ಡಿನ ನರ್ಸಮ್ಮ ಅವರಿಗೆ ಒಂದು ಆಸೆ ಹಚ್ಚಿದ್ದರು. ಕಲಬುರಗಿಯಲ್ಲಿ ಹಾಡುಗಳ ಆಲ್ಬಂ ತರುವ ಒಂದು ಕಂಪನಿ ಇದೆ, ಮೊದಲು ಕಚ್ಚಾ ರೆಕಾರ್ಡಿಂಗ್ ಮಾಡಿ ಕಳಿಸಬೇಕು, ಅವರಿಗೆ ಹಿಡಿಸಿದರೆ ಕರೆಸಿ ತಬಲಾ ಹಾರ್ಮೋನಿಯಂ ಜೊತೆ ಸರಿಯಾಗಿ ಹಾಡಿಸುತ್ತಾರೆ ಎಂದು. "ಅದಕ್ಕ ಡೆಮೊ ಅಂತಾರ್ರಿ" ಎಂದೆ ನಾನು, ದೊಡ್ಡ ಮನುಷ್ಯನಂತೆ. "ಅನ್ನಲಿ. ಆರು ಹಾಡು ಅದಾವ" ಎಂದರು ಆಪಾ.

ಅವರ ದನಿ ಇಂಪಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ದಪ್ಪ ದನಿ, ನಡುನಡುವೆ ಒಡೆಯುತ್ತಿತ್ತು. ಒಡೆದ ಕಡೆಯೇ ಕೇಳುವವರ ಕರುಳು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಡುವಾಗ ಎಡಗೈ ಕಿವಿಯ ಮೇಲೆ, ಬಲಗೈ ತೊಡೆಯ ಮೇಲೆ. ತಾಳವನ್ನು ಚಪ್ಪಾಳೆಯಂತೆ ಹಾಕುತ್ತಿರಲಿಲ್ಲ. ಹಾಲು ಕುಡಿದ ಕೂಸಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ತೊಡೆ ತಟ್ಟುತ್ತಿದ್ದರು. ಮೈಕಿನಲ್ಲಿ ಅದು ದಬ್ ದಬ್ ಎಂದು ಕೇಳುತ್ತಿತ್ತು. ತಟ್ಟಬೇಡಿ ಎಂದೆ. ನಿಲ್ಲಿಸಿದರು, ಹಾಡೂ ನಿಂತಿತು. "ಕೈ ಸುಮ್ಮನಿದ್ರ ಬಾಯಿ ಬರಂಗಿಲ್ಲ ತಮ್ಮಾ" ಎಂದರು. ಕೊನೆಗೆ ನನ್ನ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಹಾಕಿದೆ. ಅದನ್ನು ತಟ್ಟುತ್ತಾ ಆರು ಹಾಡನ್ನೂ ಹಾಡಿದರು. ಒಂದೇ ದಿನದಲ್ಲಲ್ಲ, ಮೂರು ವಾರ ಹಿಡಿಯಿತು. ಕರೆಂಟು ಇದ್ದ ದಿನ ಅವರಿಗೆ ಡ್ಯೂಟಿ, ಅವರಿಗೆ ಬಿಡುವಿದ್ದ ದಿನ ಕರೆಂಟು ಇಲ್ಲ.

ಮೊದಲು ಹಾಡಿದ್ದು ಒಂದು ಜೋಗುಳ. ಜೋಗುಳವೆಂದರೆ ಅಳಬೇಡ ಕಂದ, ಮಲಗು ಕಂದ ಎಂದಿರಬೇಕಲ್ಲ? ಆಪಾನದು ತಿರುವುಮುರುವು.

ಅಳು ನನ್ನ ಕಂದಮ್ಮ, ಗಟ್ಟಿಯಾಗಿ ಅಳು
ಫೋನಿನ ಆಚೀಗಿ ನಿಮ್ಮಪ್ಪ ನಿಂತಾನ
ಇಟ್ಟಂಗಿ ಹೊತ್ತ ಕೈ ಒರಸಿಕೊಂಡಾನ
ಕೇಳಲಿ ಅವನೂ, ಇನ್ನೊಮ್ಮಿ ಅಳು

ನಮ್ಮ ಕಡೆಯ ಗಂಡಸರು ಪುಣೆಗೋ ಮುಂಬಯಿಗೋ ದುಡಿಯಲು ಹೋಗಿರುತ್ತಾರೆ. ಹೆಂಡತಿ ಇಲ್ಲಿ ಹಡೆಯುತ್ತಾಳೆ. ಹುಟ್ಟಿದ ಕೂಸಿನ ಬಾಯಿಯ ಹತ್ತಿರ ಫೋನು ಹಿಡಿಯುವ ಕೆಲಸ ಆಪಾನದು. ಕೆಲವು ಕೂಸು ಫೋನು ತಂದ ಕೂಡಲೇ ಸುಮ್ಮನಾಗಿಬಿಡುತ್ತವಂತೆ. ಆ ಕಡೆಯಿಂದ ಅಪ್ಪ "ಹಲೋ, ಹಲೋ" ಎನ್ನುತ್ತಿರುತ್ತಾನೆ. "ಆಗ ನಾನು ಕೂಸಿಗಿ ಅಳು ಅಂತೀನಿ, ಅದು ನನ್ನ ಮಾರಿ ನೋಡಿ ಆಕಳಿಸ್ತದ. ಅಂವ ಕೇಳ್ತಾನ, ಗಂಡೋ ಹೆಣ್ಣೋ, ಅಳಂಗಿಲ್ಲ ಯಾಕ, ಜೀವ ಅದ ಇಲ್ಲೋ ಅಂತ" ಎಂದು ಆಪಾ ನಕ್ಕರು. ನಾನೂ ನಕ್ಕೆ. ಹಾಡು ಕೇಳಿದ ಮೇಲೆ ನಗು ಬರಲಿಲ್ಲ.

ಇನ್ನೊಂದು ಹಾಡು ಬರಿಗೈಲಿ ಮನೆಗೆ ಹೋಗುವವಳದು. "ಬರುವಾಗ ಇಬ್ಬರು, ಹೋಗುವಾಗ ಒಬ್ಬಾಕಿ, ಬಸ್ಸಿನ್ಯಾಗ ಕಿಟಕಿ ಕಡಿ ಕುಂತಾಳ" ಎಂದು ಶುರುವಾಗುತ್ತಿತ್ತು. ಅದನ್ನು ವಾರ್ಡಿನಲ್ಲಿ ಹಾಡುತ್ತಿರಲಿಲ್ಲ. ಅಲ್ಲಿ ಹಾಡಿದರೆ ಕೆಟ್ಟದ್ದನ್ನು ಕರೆದಂತೆ ಎಂದು ಅವರ ನಂಬಿಕೆ. ನನ್ನ ಕೋಣೆಯಲ್ಲಿ ಒಂದೇ ಸಲ ಹಾಡಿದರು, ಎರಡನೆಯ ಸಲ ಕೇಳಿದರೆ ಒಪ್ಪಲಿಲ್ಲ. ಹಾಡಿ ಮುಗಿಸಿ ಹೊರಗೆ ಹೋಗಿ ನಳದ ನೀರಿನಲ್ಲಿ ಮುಖ ತೊಳೆದುಕೊಂಡು ಬಂದರು.

ಹಾಡು ಕಟ್ಟುವುದನ್ನು ಕಲಿತದ್ದು ತಂದೆಯಿಂದ. ಅವರು ಸುರಪುರದ ಸುತ್ತಲ ಹಳ್ಳಿಗಳಲ್ಲಿ ಮೊಹರಮ್ಮಿನ ದಿನ ಬೆಂಕಿ ಹಾಕುವ ಅಲಾಯಿ ಗುಂಡಿಯ ಮುಂದೆ ಕನ್ನಡದಲ್ಲಿ ಪದ ಹೇಳುತ್ತಿದ್ದವರು. ಪದಕ್ಕೆ ಎಷ್ಟೇ ನುಡಿ ಇರಲಿ, ಕಡೆಯ ನುಡಿಯಲ್ಲಿ ಕಟ್ಟಿದವರ ಅಂಕಿತ ಬರಲೇಬೇಕು. ಗುರುವಿನ ಹೆಸರೋ ದೇವರ ಹೆಸರೋ ಇಟ್ಟುಕೊಳ್ಳುವುದು ವಾಡಿಕೆ. ಆಪಾ ತಮ್ಮ ತಾಯಿಯ ಹೆಸರು ಇಟ್ಟುಕೊಂಡಿದ್ದರು. "ಹುಟ್ಟಿದ ಕೂಸಿನ ಕೈಗಿ ಮೊದಲ ಏನ್ ಕಟ್ತೀವಿ ಗೊತ್ತದೇನು? ತಾಯಿ ಹೆಸರಿನ ಚೀಟಿ. ಹಾಲು ಆಮ್ಯಾಲ. ಚೀಟಿ ಇರಲಿಲ್ಲಂದ್ರ ವಾರ್ಡಿನ್ಯಾಗ ಎಲ್ಲಾ ಕೂಸೂ ಒಂದೇ" ಎಂದು ನನಗೆ ಹೇಳಿದ್ದರು. ನಾನು ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ಹೌದು ಹೌದು ಎಂದು ತಲೆಯಾಡಿಸಿದ್ದೆ.

ಪ್ರತಿ ಹಾಡಿಗೂ ನಾಲ್ಕು ನುಡಿ. ಮೂರು ನುಡಿ ಎದೆ ತುಂಬಿ ಹಾಡುತ್ತಿದ್ದ ಆಪಾ ನಾಲ್ಕನೆಯದಕ್ಕೆ ಬಂದ ಕೂಡಲೇ ಸೆರಗು ಬಾಯಿಗೆ ಅಡ್ಡ ಹಿಡಿದು, ಮುಖ ಗೋಡೆಯ ಕಡೆ ತಿರುಗಿಸಿ, ಪಿಸುಮಾತಿನಂತೆ ಮುಗಿಸುತ್ತಿದ್ದರು. ಹೊಸ ಮದುಮಗಳಿಗೆ ಗಂಡನ ಹೆಸರು ಹೇಳು ಎಂದರೆ ಹೇಗೆ ಮಾಡುತ್ತಾಳೋ ಹಾಗೆ. "ಆಪಾ, ಮೈಕಿನ ಕಡಿ ನೋಡಿ ಹೇಳ್ರಿ" ಎಂದರೆ, "ನನ್ನ ಅಂಕಿತ ನಾನೇ ಹ್ಯಾಂಗ ಒದರಲಿ ತಮ್ಮಾ, ನಾಚಿಕಿ ಬರ್ತದ" ಎನ್ನುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಮೂರು ನುಡಿ ಗುಡ್ಡದ ಸಾಲಿನಂತೆ ಎದ್ದು ಕಾಣುತ್ತಿತ್ತು. ನಾಲ್ಕನೆಯದು ಬರೀ ಒಂದು ಗೆರೆ, ಅದರ ಸುತ್ತ ಗೊರ್ ಎನ್ನುವ ಸದ್ದು.

ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ನನ್ನ ಉಸ್ತಾದರು ಕ್ಯಾಸೆಟ್ಟಿನ ಕಾಲದವರು. ಕ್ಯಾಸೆಟ್ಟಿನ ಒಂದು ಬದಿ ಮುಗಿಯುತ್ತಾ ಬಂದರೆ ಕೊನೆಯ ಹಾಡಿನ ದನಿಯನ್ನು ಮೆಲ್ಲಗೆ ಇಳಿಸಿ ಮುಗಿಸಿಬಿಡುವುದು ಅವರ ಪದ್ಧತಿ. "ಕಡೀಕ ದನಿ ಬಿತ್ತಂದ್ರ ಇಳಿಸಿಬಿಡು, ಕೇಳವ್ರಿಗಿ ಗೊತ್ತಾಗಂಗಿಲ್ಲ" ಎಂದು ಕಲಿಸಿದ್ದರು. ಕಂಪ್ಯೂಟರಿನಲ್ಲಿ ಬದಿ ಮುಗಿಯುವ ಮಾತೇ ಇಲ್ಲ. ಆದರೆ ಕೈ ಕಲಿತದ್ದನ್ನು ಬಿಡುತ್ತದೆಯೇ? ನಾನು ಆರೂ ಹಾಡುಗಳನ್ನು ಸ್ವಚ್ಛ ಮಾಡಲು ಕುಳಿತೆ. ಕೆಮ್ಮು ತೆಗೆದೆ, ಹೊರಗೆ ಆಟೋ ಹೋದ ಸದ್ದು ತೆಗೆದೆ. ಮೂರನೆಯ ನುಡಿ ಮುಗಿದ ಕೂಡಲೇ ದನಿ ಇಳಿಸಿ, ಪಿಸುಮಾತಿನ ಭಾಗವನ್ನು ಕತ್ತರಿಸಿದೆ. ಕಂಪ್ಯೂಟರಿನಲ್ಲಿ ಜಾಗ ಕಡಿಮೆ ಇತ್ತು. ಹಳೆಯದರ ಮೇಲೆಯೇ ಹೊಸದನ್ನು ಉಳಿಸಿದೆ. ಅಂಕಿತ ಎಂದರೇನು ಎಂದು ತಿಳಿಯದ ಊರಿನವನಲ್ಲ ನಾನು. ನಮ್ಮ ಮನೆಯ ಮುಂದೆಯೇ ಭಜನೆ ನಡೆಯುತ್ತದೆ. ಆದರೆ ನಾನು ಕೇಳುತ್ತಿದ್ದದ್ದು ಸದ್ದನ್ನು. ಪದ ಕೇಳಿರಲಿಲ್ಲ.

ಅಚ್ಚುಕಟ್ಟಾಯಿತು ಎಂದು ನನಗೆ ಎಷ್ಟು ಖುಷಿಯೆಂದರೆ ಆಪಾನಿಗೆ ಫೋನು ಮಾಡಿದೆ. "ಛಲೋ ಬಂದಾವೇನು?" ಎಂದರು. "ಭಾಳ ಛಲೋ ಬಂದಾವ್ರಿ" ಎಂದೆ. ಅವರು ಕೂತು ಕೇಳಲಿಲ್ಲ. ತಮ್ಮ ದನಿ ತಾವೇ ಕೇಳಲು ಅವರಿಗೆ ಆಗುತ್ತಿರಲಿಲ್ಲ, ಮೈ ಜುಮ್ಮೆನ್ನುತ್ತದೆ ಎನ್ನುತ್ತಿದ್ದರು. ಸಿಡಿ ಮಾಡಿ ಕಲಬುರಗಿಯ ಕಂಪನಿಗೆ ಕಳಿಸಿದೆವು.

ಕಂಪನಿಯ ಉತ್ತರ ಬರಲು ತಡವಾಯಿತು. ಅಷ್ಟರಲ್ಲಿ ಹಾಡುಗಳು ನನ್ನ ಅಂಗಡಿಯಿಂದ ಹೊರಟುಬಿಟ್ಟವು. ಆಗ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳಲು ನನ್ನಲ್ಲಿಗೆ ದಿನಾ ಜನ ಬರುತ್ತಿದ್ದರು. ಹತ್ತಿಕುಣಿಯ ಒಬ್ಬ ಟ್ರ್ಯಾಕ್ಟರ್ ಡ್ರೈವರು ಹಿಂದಿನ ಕೋಣೆಯಿಂದ ಜೋಗುಳ ಕೇಳಿ, "ಆ ಅಳು ಹಾಡು ಹಾಕ್ರಿ ನನಗ" ಎಂದು ಹಟ ಹಿಡಿದ. ಅವನ ಹೆಂಡತಿ ಆಗ ಬಸುರಿ. ಆಪಾನನ್ನು ಕೇಳಿದೆ. "ಹಾಕು, ಮಂದಿ ಕೇಳಲಿ" ಎಂದರು. ಹಾಕಿದೆ. ಅವನು ಇನ್ನೊಬ್ಬನಿಗೆ ಕೊಟ್ಟ. ಎರಡು ತಿಂಗಳಲ್ಲಿ ಗುರುಮಠಕಲ್ ಬಸ್ಸಿನಲ್ಲೂ ಅದೇ, ಶಹಾಪುರದ ಆಟೋದಲ್ಲೂ ಅದೇ. ಪುಣೆಯಲ್ಲಿ ಗಾರೆ ಕೆಲಸಕ್ಕೆ ಹೋದವರು ಬಿಲ್ಡಿಂಗಿನ ಮೇಲೆ ಹಾಕಿಕೊಂಡು ಕೇಳುತ್ತಾರೆಂದು ಯಾರೋ ಬಂದು ಹೇಳಿದರು. ನಾನು ಬಂದವರಿಗೆಲ್ಲಾ ಕೇಳದೆ ಹಾಕಿಕೊಟ್ಟೆ. ಮೂರು ನುಡಿಯ ಹಾಡು, ಕೊನೆಗೆ ಮೆಲ್ಲಗೆ ಇಳಿಯುವ ದನಿ. ಎಲ್ಲರ ಕಾರ್ಡಿನಲ್ಲೂ ನನ್ನ ಕತ್ತರಿ.

ಕೊನೆಗೆ ಕಲಬುರಗಿಯಿಂದ ಕರೆ ಬಂತು. ಆಪಾ ರಜೆ ಹಾಕಿ, ಹಬ್ಬಕ್ಕೆ ತೆಗೆದಿಟ್ಟಿದ್ದ ಹಸಿರು ಸೀರೆ ಉಟ್ಟುಕೊಂಡು ಸ್ಟೇಷನ್ನಿಗೆ ಬಂದರು. ಜೊತೆಗೆ ನಾನು. ರೈಲಿನಲ್ಲಿ ಆಲ್ಬಮ್ಮಿನ ಮುಖಪುಟದ ಮೇಲೆ ಯಾವ ಚಿತ್ರ ಹಾಕಿಸಬೇಕು ಎಂದು ಮಾತಾಡಿಕೊಂಡೆವು. ನಾನು ತೊಟ್ಟಿಲು ಎಂದೆ. "ತೊಟ್ಟಿಲಾ ಎಲ್ಲಾರೂ ಹಾಕ್ತಾರ. ಬಸ್ಸು ಹಾಕಿಸೋಣು" ಎಂದರು ಆಪಾ.

ಕಂಪನಿಯ ಮಾಲೀಕರು ವಯಸ್ಸಾದವರು, ಒಳ್ಳೆಯ ಮಾತಿನವರು. ಚಹಾ ತರಿಸಿದರು.

"ದನಿ ಛಲೋ ಅದ ತಾಯಿ. ಖರೆ ಇವು ಜಾನಪದ ಅದಾವಲ್ಲ? ನಮ್ಮ ಡ್ರೈವರನ ಫೋನಿನ್ಯಾಗೂ ಅದಾವ. ಹೋದ ತಿಂಗಳ ಒಂದು ಮೇಳದವರು ಬಂದು ಇದೇ ಅಳು ಹಾಡು ಹಾಡಿ ಹೋಗ್ಯಾರ. ನಮ್ಮ ಅಜ್ಜಿ ಕಾಲದ್ದು ಅಂತ ಹೇಳಿದ್ರು."

"ಇಲ್ರಿ, ನಾನೇ ಕಟ್ಟೀನಿ" ಎಂದರು ಆಪಾ.

"ನೀವು ಕಟ್ಟಿದ್ರ ಅಂಕಿತ ಎಲ್ಲಿ ಅದ? ನಾ ಆರೂ ಹಾಡು ಕೇಳೀನಿ. ಒಂದರಾಗೂ ಇಲ್ಲ."

ಆಪಾ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಈ ಮನುಷ್ಯನಿಗೆ ಯಾಕೋ ತಿಳಿದಿಲ್ಲ, ನೀನು ತಿಳಿಸಿ ಹೇಳು ಎನ್ನುವಂತಿತ್ತು. ನಾನು ಚಹಾದ ಲೋಟ ನೋಡುತ್ತಾ ನಡೆದದ್ದನ್ನೆಲ್ಲಾ ಹೇಳಿದೆ. ದನಿ ಸಣ್ಣದಿತ್ತು, ತೆಗೆದುಬಿಟ್ಟೆ, ತಪ್ಪು ನನ್ನದು ಎಂದೆ. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು.

ಆಗ ಆಪಾ ಎದ್ದು ನಿಂತರು. ಸೆರಗು ಬಾಯಿಗೆ ಹಿಡಿಯಲಿಲ್ಲ, ಗೋಡೆಯ ಕಡೆ ತಿರುಗಲಿಲ್ಲ. ಜೋಗುಳದ ನಾಲ್ಕನೆಯ ನುಡಿಯನ್ನು ಆ ಆಫೀಸಿನ ನಡುವೆ ನಿಂತು ದೊಡ್ಡ ದನಿಯಲ್ಲಿ ಹಾಡಿದರು. ಒಳಗೆ ಕೆಲಸ ಮಾಡುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ನನಗೆ ನಾಚಿಕೆಯಿಂದ ಕಿವಿ ಗುಂಯ್ ಎನ್ನುತ್ತಿತ್ತು. ನೆಲ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಕೊನೆಯಲ್ಲಿ ಅವರ ತಾಯಿಯ ಹೆಸರು ಬಂದದ್ದು ಮಾತ್ರ ಕೇಳಿಸಿತು.

"ಈಗ ಜೋಡಿಸಿದ್ರ ಯಾರು ನಂಬ್ತಾರ ತಾಯಿ?" ಎಂದರು ಮಾಲೀಕರು. ಮೆತ್ತಗೆಯೇ ಹೇಳಿದರು. "ನಾ ನಂಬ್ತೀನಿ ಅಂತ ಇಟ್ಕೊರಿ. ನಾಳಿ ಆ ಮೇಳದವರು ಬಂದು ನನ್ನ ಕೊರಳಪಟ್ಟಿ ಹಿಡೀತಾರ. ಅಂಕಿತ ಯಾರು ಬೇಕಾದ್ರೂ ಸೇರಸ್ಬಹುದು. ಒಂದು ಕೆಲಸ ಮಾಡ್ರಿ. ಮೂರ್ಮೂರು ನುಡಿ ಹಾಡ್ರಿ. ಸಂಗ್ರಹ ಅಂತ ನಿಮ್ಮ ಹೆಸರು ಮುಖಪುಟದ ಮ್ಯಾಲ ದೊಡ್ಡದಾಗಿ ಹಾಕಿಸ್ತೀನಿ."

"ನಕ್ಕೋ ಸಾಬ್" ಎಂದರು ಆಪಾ. ಬೇಡ ಎಂದು. "ಹೆಸರು ಹಾಡಿನ ಒಳಗ ಇರಬೇಕ್ರಿ. ಹೊರಗ ಹಚ್ಚಿದ ಹೆಸರು ನನಗ ಬ್ಯಾಡ."

ಅವರ ಹೆಸರನ್ನು ನಾನು ಇಲ್ಲಿ ಬರೆಯದೆ ಇರುವುದು ಈ ಒಂದು ಮಾತಿಗಾಗಿ.

ವಾಪಸು ಬರುವ ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತ್ತು. ಆಪಾ ಕಿಟಕಿಯ ಹೊರಗೆ ನೋಡುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ವಾಡಿ ದಾಟಿದ ಮೇಲೆ ಕೇಳಿದರು.

"ತಮ್ಮಾ, ನೀ ಕತ್ತರಿಸಿದ್ದು ಎಲ್ಲ್ಯಾರ ಅದೇನು? ಕಂಪ್ಯೂಟರಿನ್ಯಾಗ ಹುಡುಕಿದ್ರ ಸಿಗ್ತದೇನು?"

"ಇಲ್ಲ ಆಪಾ. ಅದರ ಮ್ಯಾಲೇ ಹೊಸದು ಉಳಿಸೀನಿ."

"ಹೌ" ಎಂದರು. ದಖನಿಯಲ್ಲಿ ಹೌದು ಎಂದು ಅರ್ಥ.

"ನಾಳೇ ಬರ್ರಿ ಆಪಾ, ಆರೂ ಹಾಡು ಮತ್ತ ಹಿಡಿಯೋಣು. ನಾಲ್ಕೂ ನುಡಿ. ಎಲ್ಲಾರ ಕಾರ್ಡಿಗೂ ನಾನೇ ಹೊಸದು ಹಾಕ್ತೀನಿ" ಎಂದೆ. ಕಣ್ಣು ಒರೆಸಿಕೊಂಡೆ.

"ಆಗ ನಾಚಿಕಿ ಪಟ್ಟು ಸಣ್ಣ ದನೀಲೆ ಹೇಳ್ದೆ. ಈಗ ಒದರಿ ಹೇಳಿದ್ರ ಕದ್ದಾಕಿ ಹಂಗ ಕಾಣ್ತೀನಿ ತಮ್ಮಾ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀ ಅಳಬ್ಯಾಡ. ದನಿ ನಂದೂ ಸಣ್ಣದಿತ್ತು" ಎಂದರು. ಯಾದಗಿರಿ ಬಂದಿತ್ತು. ಇಳಿದು ಶಹಾಪುರದ ಬಸ್ಸು ಹಿಡಿಯಲು ಹೋದರು. ನನ್ನ ಅಂಗಡಿಗೆ ಮತ್ತೆ ಬರಲಿಲ್ಲ.

ಎದುರು ಸಿಕ್ಕರೆ ಮಾತಾಡಿಸುತ್ತಿದ್ದರು. ಹೆಂಡತಿ ಮಕ್ಕಳು ಆರಾಮ ಇದ್ದಾರಾ ಎಂದು ಕೇಳುತ್ತಿದ್ದರು. ನನ್ನ ಎರಡನೆಯ ಮಗಳು ಅವರ ವಾರ್ಡಿನಲ್ಲೇ ಹುಟ್ಟಿದಳು. ಅವಳ ಕೈಗೆ ಚೀಟಿ ಕಟ್ಟಿದ್ದೂ ಆಪಾನೇ. ನಾನು ಊರಲ್ಲೇ ಇದ್ದವನಾದರೂ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಕೂಸು ಹುಟ್ಟಿಯಾಗಿತ್ತು. "ನಿಮ್ಮಪ್ಪಗ ಫೋನ್ ಮಾಡೋದು ಬ್ಯಾಡ, ಇಲ್ಲೇ ಬಂದಾನ" ಎಂದು ಕೂಸಿಗೆ ಹೇಳಿ ನನ್ನ ಕೈಗೆ ಕೊಟ್ಟರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಕೈಯಲ್ಲಿ ಕೂಸಿತ್ತು.

ಆಪಾ ಇದ್ದಾಗಲೇ ಒಮ್ಮೆ ನರ್ಸಮ್ಮ ಒಂದು ಮಾತು ಹೇಳಿದ್ದರು. ಅದನ್ನು ಕೇಳದೇ ಇದ್ದಿದ್ದರೆ ಚೆನ್ನಾಗಿತ್ತು. ವಾರ್ಡಿನಲ್ಲಿ ಹೆರಿಗೆ ನೋವು ತಿನ್ನುವವರು ಕೇಳಿದರೆ ಆಪಾ ಈಗಲೂ ಹಾಡುತ್ತಾರೆ, ಆದರೆ ಮೂರು ನುಡಿ ಹಾಡಿ ನಿಲ್ಲಿಸಿಬಿಡುತ್ತಾರೆ. ಮುಂದಿನದು ಹೇಳಿ ಎಂದರೆ, "ಅಷ್ಟೇ ಅದ" ಎನ್ನುತ್ತಾರೆ. ಹೊಸ ಹಾಡು ಕಟ್ಟಿದ್ದನ್ನು ಆಮೇಲೆ ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ನಿದ್ದೆ ಮಾಡುತ್ತಿದ್ದರಂತೆ.

ಸಾವಿನ ಸುದ್ದಿ ತಿಳಿದ ಮೇಲೆ ನಾನು ಶಹಾಪುರಕ್ಕೆ ಹೋದೆ. ಮನೆಯಲ್ಲಿ ಅವರ ತಂಗಿ ಇದ್ದರು. ಜ್ವರ ಬಂದಿತ್ತು, ಡ್ಯೂಟಿ ಬಿಡಲಿಲ್ಲ, ಎದೆಗೆ ಇಳಿಯಿತು ಎಂದರು. ನಾನು ಯಾರೆಂದು ಹೇಳಿದೆ. ಅವರಿಗೆ ಗೊತ್ತಿತ್ತು. "ಹಾಡು ಹಿಡಿದ ತಮ್ಮ ಅಂತಿದ್ಲು" ಎಂದರು. ನಾನು ಮಾಡಿದ್ದನ್ನು ಆಪಾ ತಂಗಿಗೆ ಹೇಳಿರಲಿಲ್ಲ ಎಂದು ಕಾಣುತ್ತದೆ. ಇಲ್ಲದಿದ್ದರೆ ನನಗೆ ನೀರು ಕೊಡುತ್ತಿರಲಿಲ್ಲ. ನಾಲ್ಕನೆಯ ನುಡಿಗಳು ನೆನಪಿವೆಯೇ ಎಂದು ಕೇಳಿದೆ.

"ಮೂರೇ ಅಲ್ರಿ ಇರೋದು? ಇಲ್ಲೇ ಅದಾವ ನೋಡ್ರಿ" ಎಂದು ಆಪಾನ ಫೋನು ತಂದು ಒತ್ತಿದರು. ಕೌದಿಯ ಗೋಡೆಯ ಒಳಗಿನ ಆ ದನಿ, ಟವೆಲ್ಲಿನ ಮೇಲಿನ ತಟ್ಟು, ಮೂರನೆಯ ನುಡಿ, ಆಮೇಲೆ ಮೆಲ್ಲಗೆ ಇಳಿದು ಇಲ್ಲವಾಗುವುದು. ನನ್ನದೇ ಕೆಲಸ. ಯಾರದೋ ಫೋನಿನಿಂದ ಹಾಕಿಸಿಕೊಂಡಿದ್ದರಂತೆ. ತಮ್ಮ ದನಿ ಕೇಳಲಾಗದ ಹೆಂಗಸು ಅದನ್ನು ಯಾಕೆ ಹಾಕಿಸಿಕೊಂಡರೋ, ಎಷ್ಟು ಸಲ ಕೇಳಿದರೋ, ನನಗೆ ಕೇಳುವ ಧೈರ್ಯವಾಗಲಿಲ್ಲ.

ಹೋದ ತಿಂಗಳು ರಾಮಸಮುದ್ರದಲ್ಲಿ ನನ್ನ ಹೆಂಡತಿಯ ಅಕ್ಕನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಕೂಸಿನ ಅಪ್ಪನಿಗೆ ಮುಂಬಯಿಯಿಂದ ಬರಲು ರಜೆ ಸಿಕ್ಕಿರಲಿಲ್ಲ. ತೊಟ್ಟಿಲ ಸುತ್ತ ಕೂತ ಹೆಂಗಸರು ಹಾಡಲು ಶುರು ಮಾಡಿದರು. ಅಳು ನನ್ನ ಕಂದಮ್ಮ, ಗಟ್ಟಿಯಾಗಿ ಅಳು. ಒಬ್ಬಳು ಫೋನನ್ನು ತೊಟ್ಟಿಲ ಒಳಗೆ ಹಿಡಿದಿದ್ದಳು. ಮೂರು ನುಡಿ ಹಾಡಿದರು. ಮೂರನೆಯದರ ಕೊನೆಯ ಸಾಲನ್ನು ಎಲ್ಲರೂ ಒಟ್ಟಿಗೆ ದನಿ ಇಳಿಸಿ ಇಳಿಸಿ ಮುಗಿಸಿದರು, ಹಾಗೆ ಮುಗಿಸುವುದೇ ಅದರ ರೀತಿ ಎಂಬಂತೆ.

ಗಂಡಸರು ಹೊರಗೆ ಕೂತಿದ್ದೆವು. ನಾನು ತಡೆಯಲಾಗದೆ ಎದ್ದು ಬಾಗಿಲಿಗೆ ಹೋದೆ.

"ಈ ಹಾಡು ಯಾರದು ಗೊತ್ತದೇನ್ರಿ?"

"ಯಾರದೂ ಅಲ್ರಿ, ಹಳೀದು. ನಮ್ಮವ್ವ ಹಾಡ್ತಿದ್ಲು" ಎಂದಳು ಒಬ್ಬ ಮುದುಕಿ. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಹಾಗೆ ನಂಬಿದ್ದಳು.

"ಅಲ್ಲವ್ವಾ. ಆಸ್ಪತ್ರಿ ಆಪಾ ಕಟ್ಟಿದ್ದು. ಅವರು ಹೋಗ್ಯಾರ ಈಗ. ಇದಕ್ಕ ಇನ್ನೊಂದು ನುಡಿ ಅದ. ಕಡೀ ನುಡಿ. ಅದರಾಗ ಅವರ ಅಂಕಿತ ಅದ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಬಹಳ ಜನ ಆಪಾನ ಕೈಯಲ್ಲೇ ಹಡೆದವರು. "ಖರೇನೇ? ಆಪಾ ಕಟ್ಟಿದ್ದಾ?" ಎಂದು ಒಬ್ಬಳು ತೊಟ್ಟಿಲು ತೂಗುವುದನ್ನು ನಿಲ್ಲಿಸಿದಳು. ಆ ಮುದುಕಿ ಸರಿದು ಜಾಗ ಮಾಡಿ, "ಹಂಗಾರ ಬಿಡಬಾರದು. ಆ ನುಡಿ ಹೇಳ್ರಿ, ಈಗೇ ಕಲೀತೀವಿ. ಇನ್ನ ಮ್ಯಾಲ ಅದನ್ನೂ ಹಾಡ್ತೀವಿ" ಎಂದಳು. ಫೋನು ಹಿಡಿದವಳು ಅದರೊಳಗೆ, "ನಿಲ್ರಿ, ಇನ್ನೊಂದು ನುಡಿ ಅದಂತ" ಎಂದು ಮುಂಬಯಿಗೆ ಹೇಳಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಾ ಕುಳಿತರು.

ನಾನು ಬಾಯಿ ತೆರೆದೆ. ಧಾಟಿ ಗೊತ್ತಿತ್ತು. ಕೊನೆಗೆ ಬರುವ ತಾಯಿಯ ಹೆಸರು ಗೊತ್ತಿತ್ತು. ಅದರ ಹಿಂದಿನ ಮೂರೂವರೆ ಸಾಲಿನಲ್ಲಿ ಒಂದು ಮಾತೂ ನನ್ನ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲಾ ಪರದೆಯ ಮೇಲಿನ ಆ ಸಣ್ಣ ಗೆರೆ, ಇಲ್ಲಿಂದ ಇಲ್ಲಿಗೆ ಎಂದು ನಾನು ಗುರುತು ಹಾಕಿದ ಜಾಗ.

"ನೆನಪ ಬರವಲ್ದು" ಎಂದೆ.

ಅವರು ಕಾದರು. ನನಗಾಗಿ ಸಾಕಷ್ಟು ಹೊತ್ತು ಕಾದರು. ಆಮೇಲೆ ಕೂಸು ಅಳಲು ಶುರು ಮಾಡಿತು. ಹೆಂಗಸರು ತೊಟ್ಟಿಲ ಹಗ್ಗ ಹಿಡಿದು ಮೊದಲ ನುಡಿಯಿಂದ ಮತ್ತೆ ಎತ್ತಿಕೊಂಡರು.